ಬೀಗ ಹತ್ತಿದ ಹಡಗು

ಈ ವರ್ಷದ ದಸರಾ ಗೊಂಬೆ ಕೂರಿಸುವ ಸಂಪೂರ್ಣ ಜವಾಬ್ದಾರಿ ನನ್ನದು ಎಂದು ನಾನು ಘೋಷಿಸಿದಾಗ ಮನೆಯಲ್ಲಿ ಚಪ್ಪಾಳೆಯೇನೂ ಬೀಳಲಿಲ್ಲ. ನನ್ನ ಹೆಂಡತಿ ಸರ್ವಮಂಗಳಾ ಬೀನ್ಸಿನ ನಾರು ತೆಗೆಯುತ್ತಾ ಕೂತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ಹೋದ ವರ್ಷ ಫ್ಯಾನ್ ರಿಪೇರಿನೂ ನನ್ನ ಜವಾಬ್ದಾರಿ ಅಂದಿದ್ರಿ. ಅದು ಇವತ್ತಿಗೂ ಉಲ್ಟಾ ತಿರುಗ್ತಿದೆ."

"ಫ್ಯಾನ್ ಬೇರೆ, ಹಡಗು ಬೇರೆ!"

"ಹಡಗಾ?"

"ಹೌದು ಕಣೇ, ಹಡಗು! ಕೃಷ್ಣಮೂರ್ತಿಪುರಂನ ಇತಿಹಾಸದಲ್ಲೇ ಮೊಟ್ಟಮೊದಲ ಬಾರಿಗೆ, ನಿಜವಾದ ನೀರಿನ ಮೇಲೆ ತೇಲುವ ಪ್ರವಾಸಿ ಹಡಗು! ಅದರ ತುಂಬ ನಮ್ಮ ಗೊಂಬೆಗಳು. ತುಂಬ ಅಲ್ಲ, ಅರ್ಧ. ಕೊರೋನಾ ನಿಯಮದ ಪ್ರಕಾರ!"

ಸರ್ವಮಂಗಳಾ ಈಗ ತಲೆ ಎತ್ತಿದಳು. ಮತ್ತೆ ಬೀನ್ಸಿಗೆ ಕೈ ಹಾಕಿದಳು. ಹಡಗಿನ ಹುಚ್ಚು ನನಗೆ ಎಲ್ಲಿಂದ ಅಂಟಿತೆಂದು ಅವಳಿಗೆ ಗೊತ್ತಿತ್ತು.

ಅಂಟಿಸಿದವನು ನಂಜುಂಡಸ್ವಾಮಿ. ಮಂಡಿ ಮೊಹಲ್ಲಾದಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟಿದ್ದ ನನ್ನ ಸ್ನೇಹಿತ. ನಾನು ಕೆಲಸದಿಂದ ನಿವೃತ್ತನಾದ ಮೇಲೆ ಬೆಳಗಿನ ಹೊತ್ತು ಅವನ ಅಂಗಡಿಯೇ ನನ್ನ ಕಚೇರಿ. ಮಗುಚಿ ಹಾಕಿದ ಎರಡು ಬಕೆಟ್‌ಗಳು ನಮ್ಮ ಸಿಂಹಾಸನ. ನಾನು ಪೇಪರ್ ಓದಬೇಕು, ಅವನು ಪ್ರಶ್ನೆ ಕೇಳಬೇಕು. ಬಕೆಟ್ಟಿಗಿಂತ ಮೊದಲು ಅದರ ಹಿಡಿಕೆಯೇ ಯಾಕೆ ಮುರಿಯುತ್ತದೆ? ಆನೆ ಅಂಬಾರಿ ಹೊರುವಾಗ ಅದಕ್ಕೆ ಬೆನ್ನು ತುರಿಸಿದರೆ ಏನು ಮಾಡುತ್ತದೆ? ಗಿರಾಕಿ ಬಂದು ಮಗ್ಗಿನ ಬೆಲೆ ಕೇಳಿದರೆ "ಒಂದ್ನಿಮಿಷ ತಾಳಮ್ಮ, ಇಲ್ಲೊಂದು ವಿಚಾರ ಇತ್ಯರ್ಥ ಆಗ್ಬೇಕು" ಎನ್ನುವ ವ್ಯಾಪಾರಿಯನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಎರಡು ಅಲೆಗಳ ನಡುವೆ ಕೊರೋನಾ ಸ್ವಲ್ಪ ಉಸಿರಾಡಲು ಬಿಟ್ಟಿದ್ದ ದಿನಗಳಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಬಂತು. ದೊಡ್ಡ ಪ್ರವಾಸಿ ಹಡಗುಗಳು ಮತ್ತೆ ಹೊರಡುತ್ತವಂತೆ. ಆದರೆ ಅರ್ಧ ಜನರನ್ನು ಮಾತ್ರ ಹತ್ತಿಸುತ್ತಾರಂತೆ. ಹತ್ತುವ ಮುಂಚೆ ಮೂಗಿಗೆ ಕಡ್ಡಿ ಹಾಕಿದ ವರದಿ ತೋರಿಸಬೇಕು, ಹಣೆಗೆ ಜ್ವರ ಅಳೆಯುವ ಗನ್ನು ಹಿಡಿಸಿಕೊಳ್ಳಬೇಕು, ತನಗೆ ಕೊಟ್ಟ ಹೊತ್ತಿಗೇ ಬಂದು ಸಾಲಿನಲ್ಲಿ ನಿಲ್ಲಬೇಕು. ನಾನು ಓದಿ ಮುಗಿಸಿದೆ. ನಂಜುಂಡಸ್ವಾಮಿ ಟೀ ಲೋಟ ಕೆಳಗಿಟ್ಟ.

"ಅಲ್ಲ ಕಣೋ, ಅರ್ಧ ಜನ ಇಳ್ದೋದ್ರೆ ಹಡಗು ಎಷ್ಟು ಮೇಲಕ್ಕೆ ತೇಲ್ತದೆ? ಇಲ್ಲಾ, ಅಷ್ಟ್ ದೊಡ್ಡ ಹಡಗಿಗೆ ಇವರು ಇಳಿದಿದ್ದು ಗೊತ್ತೇ ಆಗಲ್ವೋ?"

"ಓದಿ ಹೇಳ್ತೀನಿ ಬಿಡೋ," ಎಂದೆ.

ಆಮೇಲೆ ಎರಡನೇ ಅಲೆ ಬಂತು. ಮೇ ತಿಂಗಳಲ್ಲಿ ನಂಜುಂಡಸ್ವಾಮಿ ಹೋಗಿಬಿಟ್ಟ. ಅವನನ್ನು ಮಣ್ಣು ಮಾಡುವ ಜಾಗಕ್ಕೂ ಇಷ್ಟೇ ಜನ ಎಂಬ ನಿಯಮವಿತ್ತು. ಅಷ್ಟರಲ್ಲಿ ನಾನು ಸೇರಲಿಲ್ಲ.

ಅವನ ಹೆಂಡತಿ ಶಾರದ ಅಂದಿನಿಂದ ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಅಂಗಡಿಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ನವರಾತ್ರಿಗೆ ಮುಂಚೆ ಸರ್ವಮಂಗಳಾ ಅವರ ಮನೆಗೆ ಹೋಗಿ ಆಯುಧಪೂಜೆ ದಿನ ಗೊಂಬೆ ನೋಡಲು ಬರಲೇಬೇಕೆಂದು ಕರೆದು ಬಂದಿದ್ದಳು.

"ಗೊಂಬೆ ಆರತಿ ಹೊತ್ನಲ್ಲಿ ನಾನು ಬಂದ್ರೆ ಜನ ಏನಂದಾರು ಅಕ್ಕ?" ಎಂದಳಂತೆ ಶಾರದ.

"ಈ ವರ್ಷ ಜನ ಎಲ್ಲಿ ಬರ್ತಾರೆ ಶಾರದ? ಇರೋದು ಗೊಂಬೆಗಳು. ಅವು ಏನೂ ಅನ್ನಲ್ಲ," ಎಂದಳಂತೆ ನನ್ನಾಕೆ.

"ನೋಡ್ತೀನಿ" ಎಂದಿದ್ದಳಂತೆ ಶಾರದ. ಬರುತ್ತೇನೆ ಎನ್ನಲಿಲ್ಲ. ಆದರೂ ಆ 'ನೋಡ್ತೀನಿ'ಯ ಮೇಲೆಯೇ ನಾನು ಹಡಗು ಕಟ್ಟಲು ಕೂತೆ. ಅವಳು ಬಂದರೆ ಮಾಮೂಲಿನಂತೆ ಮೆಟ್ಟಿಲ ಮೇಲೆ ಬಿಳಿ ಪಂಚೆ ಹಾಸಿ ಕೂರಿಸಿದ ಗೊಂಬೆ ನೋಡಿ ಕಣ್ಣೀರು ಹಾಕಿ ಹೋಗಬಾರದು. ಬಾಯಿ ಬಿಟ್ಟುಕೊಂಡು ನೋಡಬೇಕು! ನಂಜುಂಡಸ್ವಾಮಿಯ ಪ್ರಶ್ನೆಗೆ ಅವಳ ಕಣ್ಣೆದುರೇ ಉತ್ತರ ಸಿಗಬೇಕು!

ಸಮುದ್ರವಾಗಿ ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವ ನೀಲಿ ಟಬ್ಬು. ಹಡಗಾಗಿ ಮಗುವಿಗೆ ನೀರು ಹಾಕುವ ಮೊಟ್ಟೆಯಾಕಾರದ ಬಿಳಿ ಟಬ್ಬು. ಎರಡೂ ನಂಜುಂಡಸ್ವಾಮಿಯ ಅಂಗಡಿಯವೇ, ಹಿಂದೆ ಯಾವಾಗಲೋ ಅವನೇ ನನ್ನ ತಲೆಗೆ ಕಟ್ಟಿದ್ದವು. ಬಿಳಿ ಟಬ್ಬಿನ ಮೇಲೆ ರಟ್ಟಿನ ಅಟ್ಟ, ಅಟ್ಟದ ಮೇಲೆ ಥರ್ಮಾಕೋಲಿನ ಕುರ್ಚಿಗಳು. ಪಾಡ್ಯದ ದಿನ ನೀಲಿ ಟಬ್ಬಿಗೆ ನೀರು ಹಾಕಲಿಲ್ಲ. ಹಡಗು ಇನ್ನೂ ಬಂದರಿನಲ್ಲಿದೆ ಎಂದು ಲೆಕ್ಕ. ಆಯುಧಪೂಜೆಯಂದು ಶಾರದ ಬರುವ ಹೊತ್ತಿಗೆ ನೀರು ತುಂಬಿ ಹಡಗು ಹೊರಡಿಸುವುದು ನನ್ನ ಯೋಜನೆ.

ಹತ್ತಿಸುವ ಕಾರ್ಯ ಆರಂಭವಾಯಿತು. ನಾನು ಬಾಗಿಲಲ್ಲಿ ನಿಂತ ಅಧಿಕಾರಿ. ಸರ್ವಮಂಗಳಾ ಟ್ರಂಕಿನಿಂದ ಗೊಂಬೆ ತೆಗೆದು ಕೊಡುವವಳು.

"ಮೊದಲು ಪಟ್ಟದ ಗೊಂಬೆ," ಎಂದಳು.

"ರಿಪೋರ್ಟ್?"

"ನನ್ನ ತವರಿಂದ ಬಂದ ರಾಜ ರಾಣಿಗೆ ರಿಪೋರ್ಟ್ ಕೇಳ್ತೀರೇನ್ರೀ? ಮೊದಲು ಅವರನ್ನ ಕೂರಿಸಿ, ಇಲ್ದಿದ್ರೆ ನಿಮಗೆ ಕಾಫಿ ಇಲ್ಲ!"

ರಾಜ ರಾಣಿ ತಪಾಸಣೆಯಿಲ್ಲದೆ ಹತ್ತಿದರು. ಮುಂದೆ ದಶಾವತಾರದ ಸೆಟ್ಟು.

"ಮತ್ಸ್ಯ, ಕೂರ್ಮಕ್ಕೆ ಟಿಕೆಟ್ ಬೇಡ. ಅವು ಪಕ್ಕದಲ್ಲೇ ಈಜಿಕೊಂಡು ಬರಲಿ," ಎಂದು ತೀರ್ಪಿತ್ತೆ.

"ವರಾಹ?"

"ಪ್ರಾಣಿಗಳಿಗೆ ಪ್ರವೇಶವಿಲ್ಲ."

"ನರಸಿಂಹ?"

ಇದು ಕಠಿಣ ಪ್ರಶ್ನೆ. ಯೋಚಿಸಿ, "ಅರ್ಧ ಟಿಕೆಟ್" ಎಂದೆ.

"ವಾಮನ?"

"ಮೂರು ಹೆಜ್ಜೆ ಜಾಗ ಬಿಡಿ ಅಂತ ಎಲ್ಲರಿಗಿಂತ ಮುಂಚೆ ಹೇಳಿದವನೇ ಅವನು. ಬರಲಿ, ಬರಲಿ!"

"ಕಲ್ಕಿ?"

"ಅವನ ಸೀಟು ಬುಕ್ ಆಗಿದೆ, ಪ್ರಯಾಣಿಕ ಇನ್ನೂ ಬಂದಿಲ್ಲ. ಟ್ರಂಕಲ್ಲೇ ಇರಲಿ."

"ರೀ, ದೇವರು ನೋಡ್ತಿದಾನೆ," ಎಂದು ಸರ್ವಮಂಗಳಾ ಕೆನ್ನೆ ಬಡಿದುಕೊಂಡಳು. ಆದರೆ ನಗುತ್ತಿದ್ದಳು. ಮೇ ತಿಂಗಳಾದ ಮೇಲೆ ನಮ್ಮ ಮನೆಯಲ್ಲಿ ನಗು ಕೇಳಿಸಿದ್ದು ಅದೇ ಮೊದಲು.

ದಿನಸಿ ಅಂಗಡಿ ಇಟ್ಟುಕೊಂಡು ಕೂತ ಮಣ್ಣಿನ ಶೆಟ್ಟರು ಮತ್ತು ಶೆಟ್ಟಮ್ಮ ಅಗತ್ಯ ಸೇವೆಯವರಾದ್ದರಿಂದ ಅಕ್ಕಿ ಬೇಳೆ ಸಮೇತ ಹತ್ತಿದರು. ಅಷ್ಟು ತೂಕದ ದಂಪತಿಯನ್ನು ಒಳಗೆ ಸಾಗಿಸಲಾರದೆ ಎಡಗಡೆ ಬಾಗಿಲ ಹತ್ತಿರವೇ ಕೂರಿಸಿದೆ. ಬ್ಯಾಂಡ್ ಸೆಟ್ಟಿನವರಲ್ಲಿ ಊದುವವರು ಗಾಳಿಗೆ ಉಗುಳು ಹಾರಿಸುತ್ತಾರೆಂದು ಹಿಂದಕ್ಕೆ ಕಳಿಸಿದೆ. ಡೋಲಿನವನೊಬ್ಬನನ್ನು ಮಾತ್ರ ಬಿಟ್ಟೆ. ಅರ್ಧ ಗೊಂಬೆ ಹಡಗಿನಲ್ಲಿ, ಅರ್ಧ ಗೊಂಬೆ ಟ್ರಂಕಿನಲ್ಲಿ!

"ಬಲಗಡೆ ಮುಂದಿನ ಕುರ್ಚಿ ಖಾಲಿ ಇದೆಯಲ್ಲ, ಅಲ್ಲಿ ಕೊರವಂಜಿನಾದ್ರೂ ಕೂರ್ಸಿ," ಎಂದಳು.

"ಅದೂ ಬುಕ್ ಆಗಿದೆ. ಅಕ್ಕಪಕ್ಕದ ಕುರ್ಚಿನೂ ಖಾಲಿ ಇರಬೇಕು, ನಿಯಮ."

ಸರ್ವಮಂಗಳಾ ಆ ಕುರ್ಚಿ ನೋಡಿದಳು, ನನ್ನನ್ನು ನೋಡಿದಳು. ಕೊರವಂಜಿಯನ್ನು ಮೆಲ್ಲಗೆ ಟ್ರಂಕಿಗೆ ಹಾಕಿದಳು.

ಆಯುಧಪೂಜೆ ಬಂತು. ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕೂ ಕುಂಕುಮ ಹಚ್ಚಿ, ಹಡಗಿಗೂ ಮಂಗಳಾರತಿ ಮಾಡಿದೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಹೋಗಿ, ಚಕ್ರವೇ ಇಲ್ಲದ ವಾಹನ ಎಂದು ನೆನಪಾಗಿ ಹಣ್ಣನ್ನು ಪಾನಕಕ್ಕೆ ಕೊಟ್ಟೆ. ಶಾರದ ಬರುವ ಸುದ್ದಿಯಿರಲಿಲ್ಲ. ಬಾರದಿರುವ ಸುದ್ದಿಯೂ ಇರಲಿಲ್ಲ. ಊಟವಾದ ಮೇಲೆ ಬಿಂದಿಗೆ ಬಿಂದಿಗೆ ನೀರು ತಂದು ಸಮುದ್ರಕ್ಕೆ ಸುರಿದೆ.

ಹಡಗು ಎದ್ದಿತು! ನಾನು ಚಪ್ಪಾಳೆ ತಟ್ಟಿದೆ. ಎದ್ದ ಹಡಗು ಎಡಕ್ಕೆ ವಾಲಿತು. ನಾನು ಚಪ್ಪಾಳೆ ನಿಲ್ಲಿಸಿದೆ.

"ಶೆಟ್ಟರ ಕಡೆ ವಾಲ್ತಿದೆ ಕಣ್ರೀ!"

"ಅವರನ್ನ ಬಲಗಡೆಗೆ ಎತ್ತಿಡ್ತೀನಿ, ತಾಳು."

"ಮುಟ್ಟೀರಾ ಜೋಕೆ! ಕೂರಿಸಿದ ಗೊಂಬೆನ ವಿಜಯದಶಮಿ ರಾತ್ರಿ ಮಲಗಿಸೋವರೆಗೂ ಕದಲಿಸಬಾರದು. ನಮ್ಮತ್ತೆ ಕಾಲದಿಂದ ಕದಲಿಸಿಲ್ಲ. ಬೇಕಾದ್ರೆ ಟ್ರಂಕಿಂದ ಬೇರೆ ಗೊಂಬೆ ತೆಗೆದು ಆ ಕಡೆ ಕೂರ್ಸಿ."

"ಅರ್ಧ ಸಾಮರ್ಥ್ಯದ ನಿಯಮ ಮುರಿಯೋ ಹಾಗಿಲ್ಲ!"

"ನಿಮ್ಮ ಸಾಮರ್ಥ್ಯ ಕಾಣ್ತಾನೇ ಇದೆ!"

ಅವಳ ಕಾನೂನಿನಂತೆ ಯಾರೂ ಇಳಿಯುವಂತಿಲ್ಲ. ನನ್ನ ಕಾನೂನಿನಂತೆ ಯಾರೂ ಹತ್ತುವಂತಿಲ್ಲ. ಎರಡು ಕಾನೂನಿನ ನಡುವೆ ಸಿಕ್ಕ ಹಡಗು ಇನ್ನಷ್ಟು ವಾಲಿತು. ದಾರ ಕಟ್ಟಿ ಕಿಟಕಿಯ ಸರಳಿಗೆ ಬಿಗಿದೆ. ದಾರ ಸೀರಿಯಲ್ ಲೈಟಿನ ಸರಕ್ಕೆ ಸಿಕ್ಕಿ, ಸರ ಕಳಚಿ ನೀರಿಗೆ ಬೀಳುವಷ್ಟರಲ್ಲಿ ಸರ್ವಮಂಗಳಾ ಓಡಿಹೋಗಿ ಪ್ಲಗ್ ಕಿತ್ತಳು. ನೀರು ಕಡಿಮೆಯಾದರೆ ಹಡಗು ಮತ್ತೆ ನೆಲಕ್ಕೆ ಕೂರಬಹುದೆಂದು ಚೊಂಬಿನಿಂದ ಸಮುದ್ರವನ್ನು ಮೊಗೆಯತೊಡಗಿದೆ. ಮೊದಲ ಚೊಂಬಿನಲ್ಲೇ ಮತ್ಸ್ಯಾವತಾರ ಬಂತು. ಪಾಪ, ಮಣ್ಣಿನ ಮೀನು. ಪ್ರಳಯದಲ್ಲಿ ಲೋಕವನ್ನೇ ಉಳಿಸಿದ್ದು ನಮ್ಮ ಮನೆ ಟಬ್ಬಿನಲ್ಲಿ ಅರ್ಧ ಕರಗಿಹೋಗಿತ್ತು! ಗಾಬರಿಯಲ್ಲಿ ಚೊಂಬು ಕೈಜಾರಿ, ಅಲೆಯೆದ್ದು, ಡೋಲಿನವನು ಜಾರಿ ಶೆಟ್ಟಮ್ಮನ ತೊಡೆಯ ಮೇಲೆ ಬಿದ್ದ.

ಕೊನೆಗೆ ನೆಲದ ಮೇಲೆ ಉದ್ದಕ್ಕೆ ಮಲಗಿ, ತೋರುಬೆರಳನ್ನು ಹಡಗಿನ ಎಡ ಅಂಚಿನ ಕೆಳಗೆ ಕೊಟ್ಟು ಹಿಡಿದೆ. ನಿಂತಿತು. ಆದರೆ ಇನ್ನು ನಾನು ಏಳುವಂತಿಲ್ಲ.

ಆಗಲೇ ಕಾಲಿಂಗ್ ಬೆಲ್ ಆಯಿತು.

ಶಾರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಸಣ್ಣಗಾಗಿದ್ದಳು. ಕೈಯಲ್ಲಿ ನಂಜುಂಡಸ್ವಾಮಿ ತರಕಾರಿಗೆ ಒಯ್ಯುತ್ತಿದ್ದ ಹಸಿರು ಬುಟ್ಟಿ. ನಡುಮನೆ ತುಂಬ ನೀರು, ಒದ್ದೆ ಟವೆಲ್ಲು, ನೆಲಕ್ಕೆ ಅಂಟಿಕೊಂಡ ನಾನು.

"ಅಣ್ಣಂಗೆ ಏನಾಯ್ತು ಅಕ್ಕ?" ಎಂದಳು, ಹೆದರಿ.

"ಏನೂ ಆಗಿಲ್ಲಮ್ಮ. ಹಡಗು ಹೊತ್ಕೊಂಡಿದ್ದಾರೆ."

ಶಾರದ ಟಬ್ಬಿನ ಪಕ್ಕ ಕೂತು ಹಡಗನ್ನು ಒಂದು ಸುತ್ತು ನೋಡಿದಳು. ಖಾಲಿ ಕುರ್ಚಿಯ ಹತ್ತಿರ ಅವಳ ಕಣ್ಣು ನಿಂತಿತು.

"ಇದ್ಯಾರ್ದು?"

ಸರ್ವಮಂಗಳಾ ಟವೆಲ್ಲು ಹಿಂಡುವ ನೆಪದಲ್ಲಿ ಬಚ್ಚಲಿಗೆ ಹೋದಳು.

"ಅರ್ಧ ಜನ ಇಳ್ದೋದ್ರೆ ಹಡಗಿಗೆ ಗೊತ್ತಾಗ್ತದಾ ಅಂತ ನನ್ನೂ ಕೇಳಿದ್ರು," ಎಂದಳು ಶಾರದ.

"ನೀನೇನಂದೆ?"

"ಅರ್ಧ ಜನ ಯಾಕೆ, ಒಬ್ರು ಇಳ್ದೋದ್ರೂ ಗೊತ್ತಾಗ್ತದೆ, ಸುಮ್ನೆ ಊಟ ಮಾಡಿ ಅಂದೆ." ಹಾಗೆಂದು ಕುರ್ಚಿಯತ್ತ ನೋಡಿ ಮುಗುಳ್ನಕ್ಕಳು. "ಅಲ್ಲ ಅಣ್ಣ, ನಮ್ಮನೆಯವ್ರ ಜಾಗ ಖಾಲಿ ಬುಟ್ಟು ಹಡಗು ನೆಟ್ಟಗೆ ನಿಲ್ಲು ಅಂದ್ರೆ ಎಂಗೆ ನಿಲ್ತದೆ? ಆ ಮನುಷ್ಯ ಸ್ಕೂಟರ್ ಹತ್ತಿದ್ರೆ ಹಿಂದಿನ ಟಯರು ಅರ್ಧ ಇಳಿಯೋದು!"

ಬುಟ್ಟಿಗೆ ಕೈ ಹಾಕಿ ಏನೋ ತೆಗೆದಳು. ಅಂಗೈ ಅಗಲದ ಹಿತ್ತಾಳೆ ಬೀಗ. ಅಂಗಡಿಯದು! ಕುಂಕುಮ ಇನ್ನೂ ಹಸಿಯಾಗಿತ್ತು.

"ಬೆಳಿಗ್ಗೆ ಹೋಗಿ ಅಂಗಡಿ ತೆಗ್ದುಬುಟ್ಟೆ ಅಣ್ಣ. ಆಯುಧಪೂಜೆ ದಿನವೂ ತೆಗೀದಿದ್ರೆ ಆ ತಕ್ಕಡಿ, ಆ ಸ್ಟೂಲು ಎಲ್ಲ ಏನಂದ್ಕೊಂಡಾವು ಅನ್ನಿಸ್ತು. ಪಕ್ಕದ ಅಂಗಡಿ ಲಿಂಗರಾಜು ನೋಡ್ಕೊತಾವ್ನೆ. ಬೀಗ ಮಾತ್ರ ಅವರಂಗೇ ಜೊತೇಲೇ ಇಟ್ಕೊಂಡೆ."

ಬೀಗವನ್ನು ಬಲಗಡೆಯ ಖಾಲಿ ಕುರ್ಚಿಯಲ್ಲಿ ಕೂರಿಸಿದಳು. ಹಡಗು ಒಮ್ಮೆ ತೂಗಾಡಿತು. ನೆಟ್ಟಗೆ ನಿಂತಿತು. ನಾನು ಬೆರಳು ತೆಗೆದೆ. ನಿಂತೇ ಇತ್ತು! ಬಚ್ಚಲಿನಿಂದ ಬಂದ ಸರ್ವಮಂಗಳಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನೋಡಿದ್ರಾ? ಒಂದು ಬೀಗ ಮಾಡೋ ಕೆಲಸಕ್ಕೆ ನೀವು ಮನೆ ಟವೆಲ್ಲೆಲ್ಲ ಒದ್ದೆ ಮಾಡಿದ್ರಿ" ಎಂದಳು.

ಶಾರದ ಆರತಿ ತೆಗೆದುಕೊಂಡಳು, ಗೊಂಬೆಗಿಟ್ಟ ತಿಂಡಿ ಚರ್ಪು ತಿಂದಳು, ಎರಡನೇ ಸಲ ಕೇಳಿ ಹಾಕಿಸಿಕೊಂಡಳು. ನಂಜುಂಡಸ್ವಾಮಿಯ ಪ್ರಶ್ನೆಗಳನ್ನೆಲ್ಲ ನೆನಪು ಮಾಡಿಕೊಂಡು ನಾವು ಮೂವರೂ ನಕ್ಕೆವು. ಹೊತ್ತು ಇಳಿಯಿತು.

"ಬರ್ತೀನಿ ಅಕ್ಕ, ಅಂಗಡಿ ಬಾಗಿಲು ಹಾಕ್ಬೇಕು. ಬೀಗ ತಗೊಳ್ಲಾ?" ಎಂದು ಶಾರದ ಕೈ ಚಾಚಿದಳು.

"ಅಯ್ಯೋ, ಬೇಡ!" ಸರ್ವಮಂಗಳಾ ಅಡ್ಡ ನಿಂತಳು. "ಗೊಂಬೆ ಜೊತೆ ಕೂತ ಮೇಲೆ ಅದೂ ಗೊಂಬೆನೇ. ನಾಳೆ ರಾತ್ರಿವರೆಗೂ ಕದಲಿಸೋ ಹಾಗಿಲ್ಲ!"

"ಹಂಗಾದ್ರೆ ಅಂಗಡಿ?"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಹೊಸ ಬೀಗ ತರುತ್ತೇನೆಂದು ಓಡಿದೆ. ಬೀಗದಂಗಡಿಯವನು ಪೂಜೆ ಮುಗಿಸಿ, ಬೀಗ ಹಾಕಿಕೊಂಡು ಮನೆಗೆ ಹೋಗಿದ್ದ! ಮನೆಗೆ ಫೋನು ಮಾಡಿದೆ.

"ಲಿಂಗರಾಜು ಅವರ ಮನೆಯಿಂದ ಬೀಗ ತರ್ತಾರಂತೆ. ಅಲ್ಲೀವರೆಗೂ ನೀವು ಅಂಗಡಿ ಕಾಯ್ತಾ ಕೂತಿರಿ, ಶಾರದ ಇಲ್ಲೇ ಇರ್ಲಿ," ಎಂದಳು ಸರ್ವಮಂಗಳಾ. "ಇಲ್ಲಿ ಹಡಗು ಈಗ ಚೆನ್ನಾಗಿದೆ. ಕ್ಯಾಪ್ಟನ್ ಅವಶ್ಯಕತೆ ಇಲ್ಲ."

ಹೀಗೆ ನಾನು ಮಂಡಿ ಮೊಹಲ್ಲಾಕ್ಕೆ ಹೋಗಿ, ತಿಂಗಳುಗಳ ನಂತರ ಆ ಬಕೆಟ್ಟಿನ ಮೇಲೆ ಕೂತೆ. ಎದುರಿಗಿನ ಬಕೆಟ್ಟಿಗೂ ಶಾರದ ಒಂದು ಹೂವಿಟ್ಟಿದ್ದಳು. ಲಿಂಗರಾಜು ಬೀಗ ತರಲು ಹೋದ ಬೆನ್ನಲ್ಲೇ ಒಬ್ಬ ಹೆಂಗಸು ಬಂದು ನೀಲಿ ಟಬ್ಬಿನ ಮೇಲೆ ಬೆರಳಿಂದ ಬಡಿದಳು. ನಮ್ಮ ಮನೆಯ ಸಮುದ್ರದ ಜೊತೆಯದೇ.

"ಇದು ಎಷ್ಟು ಹಿಡಿಯುತ್ತೆ ಸಾರ್?"

ಹಡಗುಗಳ ಸಾಮರ್ಥ್ಯದ ಬಗ್ಗೆ ತಿಂಗಳುಗಟ್ಟಲೆ ಓದಿದ ನಾನು ತಡವರಿಸಿದೆ. ಅಭ್ಯಾಸಬಲದಿಂದ ಎದುರಿನ ಬಕೆಟ್ಟಿನ ಕಡೆ ತಿರುಗಿದೆ. ಆಮೇಲೆ ಶಾರದಳಿಗೆ ಫೋನು ಮಾಡಿದೆ.

"ಟಬ್ಬು ಮಗುಚಿ ನೋಡಿ ಅಣ್ಣ. ತಳದಲ್ಲೇ ಬರ್ದೈತೆ," ಎಂದಳು. ಹಿಂದೆ ಸರ್ವಮಂಗಳಾ ನಗುವುದು ಕೇಳಿಸಿತು.

ಮಗುಚಿದೆ. ದಪ್ಪ ಅಕ್ಷರದಲ್ಲಿ ಬರೆದಿತ್ತು. ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

"ಅಂಗಡಿಗೆ ಹೊಸಬ್ರಾ?"

"ಹೌದು ಕಣಮ್ಮ," ಎಂದೆ. "ಈಗ ತಾನೇ ಹತ್ತಿದೆ."