ಕನ್ನಡಕದ ನಾಯಕಿ, ಮಲ್ಲಿಗೆಯ ಖಳನಾಯಕಿ

ವಾರಪತ್ರಿಕೆಯ ಧಾರಾವಾಹಿ ಓದುವುದರಲ್ಲಿ ನನಗೊಂದು ತೊಂದರೆಯಿದೆ. ನಾಯಕಿಗೆ ಎಂಥ ಕಷ್ಟ ಬಂದರೂ ನನಗೆ ಏನೂ ಅನ್ನಿಸುವುದಿಲ್ಲ. ಅವಳ ದಾರಿಗೆ ಅಡ್ಡ ಬರುವ ಇನ್ನೊಬ್ಬಳಿರುತ್ತಾಳಲ್ಲ, ಅವಳಿಗೆ ಏನಾಗುತ್ತದೋ ಎಂದು ಜೀವ ಒದ್ದಾಡುತ್ತದೆ. ಅತ್ತೆಯವರಿಗೆ ಓದಿ ಹೇಳುವಾಗ ಇದೇ ವಿಷಯಕ್ಕೆ ವಾರ ವಾರವೂ ಜಗಳ. ಅವರು ನಾಯಕಿಯ ಕಡೆ, ನಾನು ಆಚೆ ಕಡೆ. ಹೋದ ವಾರ ಆ ಇನ್ನೊಬ್ಬಳು ಸೋತು ರೈಲು ಹತ್ತಿದಾಗ ಅತ್ತೆ ನೆಮ್ಮದಿಯಾಗಿ ಎಲೆಗೆ ಸುಣ್ಣ ಸವರಿಕೊಂಡರು. ನಾನು ಸಿಟ್ಟಿನಲ್ಲಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ.

ಮೊದಲು ನಾನು ಹೀಗಿರಲಿಲ್ಲ. ಸಂತೇಬೆನ್ನೂರಿನ ತವರಿನಲ್ಲಿ ಅಟ್ಟದ ಮೇಲೆ ಕೂತು ಧಾರಾವಾಹಿಗಳನ್ನು ನುಂಗಿದವಳಿಗೆ ಪಾತ್ರಗಳ ಗುರುತು ಬಾಯಿಪಾಠವಾಗಿತ್ತು. ನಾಯಕಿ ಎಂದರೆ ಉದ್ದ ಜಡೆ, ತಗ್ಗಿಸಿದ ತಲೆ, ಸದಾ ತುಂಬಿದ ಕಣ್ಣು. ಇನ್ನೊಬ್ಬಳು ಓದಿದವಳು, ಬಾಯಿ ಜೋರು, ಗಾಡಿ ಓಡಿಸುವವಳು. ನಾನು ಪಿಯುಸಿ ಮುಗಿಸಿ, ದಪ್ಪ ಗಾಜಿನ ಕನ್ನಡಕ ಏರಿಸಿಕೊಂಡು, ಅಣ್ಣನ ಸೈಕಲ್ಲಿನಲ್ಲಿ ಊರೆಲ್ಲ ಸುತ್ತಿದವಳಾದರೂ ನಾನು ನಾಯಕಿಯೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಹೊನ್ನಾಳಿಗೆ ಸೊಸೆಯಾಗಿ ಬಂದೆ. ದಿಬ್ಬಣದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸೊಬ್ಬಳು ಕಿವಿಯಲ್ಲಿ ಉಸುರಿದಳು. ನಮ್ಮ ಯಜಮಾನರಿಗೆ ನ್ಯಾಮತಿಯ ಸೋದರತ್ತೆ ಮಗಳು ಶಾರದೆಯನ್ನೇ ತರುವುದೆಂದು ಎಲ್ಲರೂ ತಿಳಿದಿದ್ದರಂತೆ, ಜಾತಕ ಕೂಡಲಿಲ್ಲವಂತೆ. ಸುಳ್ಳೇಕೆ, ಒಳಗೊಳಗೇ ಖುಷಿಯೇ ಆಯಿತು. ನನ್ನ ಕಥೆಗೂ ಒಬ್ಬ ಖಳನಾಯಕಿ ಸಿಕ್ಕಿದ್ದಳು.

ನಮ್ಮ ಕಡೆ ಮದುಮಕ್ಕಳು ಮನೆಯೊಳಗೆ ಬರುವಾಗ ಹುಡುಗನ ಅಕ್ಕತಂಗಿಯರು ಬಾಗಿಲು ತಡೆಯುತ್ತಾರೆ. ಹುಟ್ಟುವ ಹೆಣ್ಣನ್ನು ನಮ್ಮ ಮಗನಿಗೆ ಕೊಡುತ್ತೇವೆ ಅನ್ನಿ ಎಂದು ಸತಾಯಿಸಿಯೇ ಬಿಡುವುದು. ಇವರಿಗೆ ಒಡಹುಟ್ಟಿದ ಹೆಣ್ಣುಮಕ್ಕಳಿಲ್ಲ. ಆದರೂ ಹೊಸ್ತಿಲಲ್ಲಿ ಒಬ್ಬಳು ಎರಡೂ ಕೈ ಚಾಚಿ ನಿಂತಿದ್ದಳು. ಉದ್ದ ಜಡೆ, ತಗ್ಗಿಸಿದ ತಲೆ, ಮುಡಿ ತುಂಬ ಮಲ್ಲಿಗೆ. ಇವರ ದೊಡ್ಡಮ್ಮ ಗಾಬರಿಯಿಂದ ಮುಂದೆ ಬಂದರು.

"ಶಾರದಾ, ನೀನು ಅಲ್ಲಿ ನಿಲ್ಲಾಕೆ ಬರಲ್ಲ ಕಣವ್ವಾ. ಅಲ್ಲಿ ನಿಂತೋಳು ತಂಗಿ ಆಗ್ತಾಳೆ."

"ಗೊತ್ತೈತೆ ಅತ್ತೆ. ಅಣ್ಣಂಗೆ ತಂಗಿ ಇಲ್ಲಲ್ಲ, ಅದಕ್ಕೇ ನಿಂತೀನಿ."

ಹಿಂದಿನ ದಿನದವರೆಗೆ ಮಾವ ಎಂದು ಕರೆಯುತ್ತಿದ್ದವರನ್ನು ಅವಳು ಅಣ್ಣ ಎಂದಿದ್ದಳು. ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಮಾತ್ರ, ಎಂಥಾ ನಟನೆ ಎಂದುಕೊಂಡೆ.

ಆಮೇಲೆ ಶಾರದೆ ವಾರಕ್ಕೊಮ್ಮೆಯಾದರೂ ನ್ಯಾಮತಿಯಿಂದ ಬಸ್ಸು ಹತ್ತಿ ಬರುತ್ತಿದ್ದಳು. ಇವರಿಗೆ ಮಜ್ಜಿಗೆ ಕೊಟ್ಟರೆ ನಾನು ಬಾಗಿಲ ಸಂದಿಯಲ್ಲಿ ನಿಂತು ಕೈ ತಾಗಿತೇ ಎಂದು ನೋಡುತ್ತಿದ್ದೆ. ತಾಗಿದರೂ ನನಗೆ ಕಾಣುವಂತಿರಲಿಲ್ಲ, ಒಲೆಯ ಹಬೆಗೆ ಕನ್ನಡಕ ಮಂಜಾಗಿರುತ್ತಿತ್ತು. ಅವಳು ನನಗಾಗಿ ತಂದ ಹೂವಿನಲ್ಲೂ ಏನೋ ಸಂಚು ಇರಬಹುದೆಂದು ದೇವರ ಪಟಕ್ಕೆ ಮುಡಿಸಿಬಿಡುತ್ತಿದ್ದೆ. ಕೊನೆಗೊಂದು ಮಧ್ಯಾಹ್ನ, ಇಬ್ಬರೂ ಎದುರುಬದುರು ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಾಗ ತಡೆಯಲಾರದೆ ಕೇಳಿಯೇಬಿಟ್ಟೆ, ಇಷ್ಟೆಲ್ಲ ಆದಮೇಲೂ ಈ ಮನೆಗೆ ಯಾಕೆ ಬರುತ್ತೀ ಎಂದು.

ಅವಳು ಮೊರದಿಂದ ತಲೆಯೆತ್ತಲಿಲ್ಲ. "ಬೇಜಾರಾಗಿತ್ತು ಅತ್ತಿಗೆ, ಸುಳ್ಳು ಹೇಳಲ್ಲ. ಆದ್ರೆ ಅವ್ವ ಹೋದಮೇಲೆ ನಂಗೆ ತವರು ಅಂತ ಇರೋದು ಅವ್ವ ಹುಟ್ಟಿದ ಇದೊಂದೇ ಮನೆ. ಮದುವೆ ತಪ್ಪಿದ ಹುಡುಗಿ ಆಗಿ ಇಲ್ಲಿಗೆ ಬರಾಕೆ ಆಗಲ್ಲ, ಜನ ಬಾಯಿಗೆ ಬಂದಂಗೆ ಆಡ್ತಾರೆ. ತಂಗಿ ಆದ್ರೆ ಯಾವಾಗ ಬೇಕಾದ್ರೂ ಬರಬಹುದಲ್ಲ. ಈಗ ನೀವು ಬ್ಯಾಡ ಅಂದ್ರೆ ಬರಲ್ಲ."

ಅಡ್ಡ ಬಂದವಳು ಯಾರೆಂದು ನನಗೆ ಆಗ ಹೊಳೆಯಿತು. ಓದಿದವಳು, ಬಾಯಿ ಜೋರಿನವಳು, ಸೈಕಲ್ಲು ತುಳಿದವಳು. ಬಾ ಎನ್ನಲು ಬಾಯಿ ತೆರೆದರೆ ಗೊಳೋ ಎಂದು ಅಳು ಬಂತು. ಸದ್ದು ಕೇಳಿ ಇವರು ಓಡಿಬಂದರು. ಏನಿಲ್ಲ ಅಣ್ಣ, ಹೊರಗೆ ಕೂತ್ಕಳ್ರಿ ಎಂದು ಶಾರದೆ ಅವರನ್ನು ಸಾಗಹಾಕಿ, ನನ್ನ ಕನ್ನಡಕ ತೆಗೆದು ತನ್ನ ಸೆರಗಿನಲ್ಲಿ ಒರೆಸತೊಡಗಿದಳು. ಈಗ ಅವಳು ಜಗಳೂರಿನ ಸೊಸೆ. ತವರಿಗೆಂದು ಬಂದರೆ ಹದಿನೈದು ದಿನ ಬಿಡುವವಳಲ್ಲ ನಾನು. ನೋವುಂಡವಳು ಅವಳು, ಸಮಾಧಾನ ಮಾಡಿದವಳೂ ಅವಳೇ. ಅಷ್ಟು ದೊಡ್ಡ ಕಥೆಯಲ್ಲಿ ನಾಯಕಿಯ ಪಾಲಿನಿಂದ ನನಗೆ ದಕ್ಕಿದ್ದು ಅಳುವ ಕೆಲಸ ಒಂದೇ.