ಹಸಿರು ಶಾಯಿ, ಬೆಳಗಿನ ಜಾವದ ಕನಸು

ನನ್ನ ನೌಕರಿಯಲ್ಲಿ ಇಂಥವು ಆಗುತ್ತಲೇ ಇದ್ದವು: ಹಸುವಿನ ಬಾಯಿ ತೆರೆಸಿ ನಾಲಗೆ ನೋಡುತ್ತಿರುವಾಗ ಯಾರೋ ಬಂದು ಇನ್ನೊಂದು ಕೈಗೆ ಮಗನದೋ ಮಗಳದೋ ಭವಿಷ್ಯ ಕೊಟ್ಟು ನಿಂತುಬಿಡುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು. ಹೆಬ್ಬಗೋಡಿಗೂ ಬೊಮ್ಮಸಂದ್ರಕ್ಕೂ ನಡುವೆ, ಹೊಸೂರು ರಸ್ತೆಯಿಂದ ಕೊಂಚ ಒಳಗೆ, ನಾನು ದನದ ಡಾಕ್ಟರಾಗಿದ್ದೆ. ಆಸ್ಪತ್ರೆಯ ಕಿಟಕಿಯಾಚೆ ಕೆರೆ, ಕೆರೆಯಾಚೆ ರಾಗಿ ಹೊಲ, ಹೊಲದಾಚೆ ಹೊಸದಾಗಿ ಎದ್ದಿದ್ದ ಕಾರ್ಖಾನೆಗಳು. ಮಧ್ಯಾಹ್ನದ ಪಾಳಿಯ ಸೈರನ್ ಕೂಗಿದರೆ ಕೆರೆಯ ಕೊಕ್ಕರೆಗಳು ಒಟ್ಟಿಗೆ ಎದ್ದು, ಒಂದು ಸುತ್ತು ಹೊಡೆದು, ಮತ್ತೆ ಅಲ್ಲೇ ಕೂರುತ್ತಿದ್ದವು. ಅದನ್ನು ನೋಡುತ್ತಾ ಮೈಮರೆಯುವುದು ನನ್ನ ಚಾಳಿ. ಹೆಂಡತಿ ಇದಕ್ಕೆ ಸೋಮಾರಿತನ ಎನ್ನುತ್ತಿದ್ದಳು. ನಾನು ಇವತ್ತಿಗೂ ಒಪ್ಪಿಲ್ಲ.

ಆಗ ಕಾಲೇಜಿಗೆ ಅರ್ಜಿ ಹಾಕಬೇಕಾದರೆ ಅಂಕಪಟ್ಟಿಯ ನಕಲು ಟೈಪ್ ಮಾಡಿಸಿ, ಅದಕ್ಕೆ ಗೆಜೆಟೆಡ್ ಅಧಿಕಾರಿಯೊಬ್ಬರ ಹಸಿರು ಶಾಯಿಯ ರುಜು ಮತ್ತು ಸೀಲು ಬೀಳಬೇಕಿತ್ತು. ಸುತ್ತಲಿನ ಹಳ್ಳಿಗಳಿಗೆ ಬಸ್ಸು ಹತ್ತದೆ ಸಿಗುವ ಗೆಜೆಟೆಡ್ ಅಧಿಕಾರಿ ನಾನೊಬ್ಬನೇ. ಹಾಗಾಗಿ ಜೂನ್, ಜುಲೈ ಬಂತೆಂದರೆ ನನ್ನ ಬಾಗಿಲಲ್ಲಿ ಒಂದೇ ಸಾಲು: ಒಂದು ಎಮ್ಮೆ, ಒಬ್ಬ ವಿದ್ಯಾರ್ಥಿ, ಎರಡು ಮೇಕೆ, ಮತ್ತೊಬ್ಬ ವಿದ್ಯಾರ್ಥಿ. ಇವರಲ್ಲಿ ಒಂದು ಮನೆಯವರನ್ನು ಮಾತ್ರ ನಾನು ಮರೆತಿಲ್ಲ.

ತಪಾಸಣೆ

ಆ ಮನೆಯ ಗೌಡರು ಒಂದು ಕೈಯಲ್ಲಿ ಸೀಮೆಹಸುವಿನ ಹಗ್ಗ, ಇನ್ನೊಂದು ಕೈಯಲ್ಲಿ ಮಗಳ ಅಂಕಪಟ್ಟಿ ಹಿಡಿದು ಬಂದರು. ಹಿಂದೆ ಮಗಳು. ಅವಳ ಕಣ್ಣೂ ನನ್ನ ಹಾಗೇ ಕಿಟಕಿಯಾಚೆ ಕೊಕ್ಕರೆಗಳ ಮೇಲೆ ಹೋಗಿದ್ದರಿಂದ ಆ ಕ್ಷಣವೇ ನನಗೆ ಇಷ್ಟವಾದಳು.

ಮೊದಲು ಹಸುವನ್ನು ನೋಡಿ ಔಷಧಿ ಬರೆದೆ. ಆಮೇಲೆ ಅಂಕಪಟ್ಟಿ ತೆಗೆದುಕೊಂಡು, ಮೂಲಕ್ಕೂ ನಕಲಿಗೂ ತಾಳೆ ನೋಡುತ್ತಾ ಸುಮ್ಮನೆ ಕೂತೆ. ನಾನು ಸುಮ್ಮನಾದಷ್ಟೂ ಗೌಡರ ಮುಖ ಇಳಿಯಿತು. ಹಿಂದೆ ನಾನು ಹೀಗೆ ಸುಮ್ಮನಾದ ಮೇಲೆ ಅವರ ಮನೆಯ ಎರಡು ಎಮ್ಮೆಗಳು ಉಳಿದಿರಲಿಲ್ಲ.

“ಗಾಬರಿ ಪಡೋವಂಥದ್ದು ಏನೂ ಇಲ್ಲ ತಾನೇ ಡಾಕ್ಟ್ರೇ?”

“ಏನಿಲ್ಲ ಗೌಡ್ರೇ. ಬಯಾಲಜಿ ಎಂಬತ್ತೊಂದು. ಬಹಳ ಚೆನ್ನಾಗಿದ್ದಾಳೆ.”

ಗೌಡರು ದೊಡ್ಡ ಉಸಿರು ಬಿಟ್ಟರು. “ಅಂಗಾದ್ರೆ ಇವಳಿಗೆ ಈಗ ಆಕ್ತಿರೋದನ್ನೇ ತಿನ್ನಕ್ಕೆ ಆಕ್ಲಾ?”

ಕಿವಿ

ಹುಡುಗಿಯ ಆಸೆ ಪಶುವೈದ್ಯ ಕಾಲೇಜು. ಆ ಹಸು ಕರುವಾಗಿದ್ದಾಗಿನಿಂದ ಅದರ ಕೊರಳಿಗೆ ಒರಗಿಕೊಂಡೇ ಪಾಠ ಓದಿದವಳು ಅವಳು. ತಾಯಿಗೆ ಅದು ಸುತರಾಂ ಬೇಡ. ಸಿಟಿಯಲ್ಲಿ ಗೃಹವಿಜ್ಞಾನದ ಕಾಲೇಜಿದೆ, ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರಲಿ ಎಂದು ಅವರ ಹಟ. “ದನದ ಹೊಟ್ಟೆಗೆ ಕೈ ಹಾಕೋ ಹುಡುಗೀನ ಯಾರು ಮದುವೆ ಆಗ್ತಾರೆ? ಅವಳು ಅಲ್ಲಿಗೆ ಸೇರಿದ್ರೆ ನನ್ನ ಮಾತು ನಾನೇ ನುಂಗಿದಂಗೆ” ಎಂದು ಬೀದಿಯವರ ಮುಂದೆಲ್ಲ ಹೇಳಿದ್ದರು. ಗೌಡರು ಇಬ್ಬರಿಗೂ ತಲೆಯಾಡಿಸಿ ಎರಡು ಕಡೆಗೂ ಅರ್ಜಿ ತರಿಸಿದರು.

ಅರ್ಜಿಗೆ ಫೋಟೋ ಬೇಕಲ್ಲ. ಅವರು ತಂದದ್ದು ದನಗಳ ಪ್ರದರ್ಶನದಲ್ಲಿ ಬಹುಮಾನ ಬಂದಾಗ ತೆಗೆದದ್ದು. ಹುಡುಗಿ ಮತ್ತು ಹಸು ಕೆನ್ನೆಗೆ ಕೆನ್ನೆ ಹಚ್ಚಿ ನಿಂತಿದ್ದರು. ಹಸುವನ್ನು ಕತ್ತರಿಸಿ ತೆಗೆದಿದ್ದರೂ ಒಂದು ಕಿವಿ ಮಾತ್ರ ಹುಡುಗಿಯ ಹೆಗಲ ಮೇಲೆ ಉಳಿದುಕೊಂಡಿತ್ತು.

“ಬೇರೆ ಫೋಟೋ ತೆಗೆಸಿ ಗೌಡ್ರೇ.”

“ಇದರಲ್ಲೇ ಸಾರ್ ಅವಳು ನಕ್ಕಿರೋದು. ಸ್ಟುಡಿಯೋದೋರು ನಗು ಅಂದ್ರೆ ಅಳೋ ಮುಖ ಮಾಡ್ತಾಳೆ.”

ಆ ನಗುವನ್ನು ನೋಡಿದ ಮೇಲೆ ನನಗೂ ಬೇಡ ಎನ್ನಲು ಮನಸ್ಸಾಗಲಿಲ್ಲ. ರುಜು ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕೆಂಬುದು ನಿಯಮ. ನನ್ನದು ಸರಿಯಾಗಿ ಕಿವಿಯ ಮೇಲೆ ಬಿತ್ತು.

ಗೃಹವಿಜ್ಞಾನದ ಸಂದರ್ಶನದಲ್ಲಿ ಮೇಡಂ ಒಬ್ಬರು ಫೋಟೋವನ್ನು ಹತ್ತಿರಕ್ಕೆ ಹಿಡಿದು ಗಂಭೀರವಾಗಿ ಕೇಳಿದರಂತೆ: “ಹೆಗಲ ಮೇಲೆ ಇದು ಯಾರ ಕೈ?”

“ಕೈಯಲ್ಲ ಮೇಡಂ, ಕಿವಿ” ಎಂದಳಂತೆ ಹುಡುಗಿ. “ಆದ್ರೆ ಅಟೆಸ್ಟ್ ಆಗಿದೆ.”

ಶುಕ್ರವಾರದ ಅಂಚೆ

ಸಂದರ್ಶನಕ್ಕೂ ಮೊದಲು ಅರ್ಜಿ ಊರು ಬಿಟ್ಟದ್ದೇ ಒಂದು ಕಥೆ. ಅವತ್ತು ಶುಕ್ರವಾರ. ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಗೌಡರು ಒಂಬತ್ತಕ್ಕೇ ಬಂದು, ಎರಡು ಲಕೋಟೆಗಳನ್ನೂ ಕಣ್ಣಿಗೊತ್ತಿಕೊಂಡು, ನನ್ನ ಆಸ್ಪತ್ರೆಯ ಎದುರಿದ್ದ ಕೆಂಪು ಡಬ್ಬಿಗೆ ಹಾಕಿ ನೆಮ್ಮದಿಯಾಗಿ ಬೀಡಿ ಹಚ್ಚಿದರು. ಎರಡನೇ ಬೀಡಿಯ ಹೊತ್ತಿಗೆ ಅವರಿಗೆ ಒಂದು ವಿಷಯ ಹೊಳೆಯಿತು. ಕಾಗದ ಡಬ್ಬಿಗೆ ಬಿದ್ದದ್ದು ಒಂಬತ್ತಕ್ಕೆ ನಿಜ, ಆದರೆ ಊರು ಬಿಡುವುದು ಯಾವಾಗ?

ಅಂಚೆಯಣ್ಣ ಡಬ್ಬಿ ತೆರೆಯುವುದು ಹನ್ನೊಂದಕ್ಕೆ. ಅವನು ಬೀಗದಕೈ ತೆಗೆಯುವ ಹೊತ್ತಿಗೆ ಗೌಡರು ಡಬ್ಬಿಗೆ ಬೆನ್ನು ಕೊಟ್ಟು ನಿಂತಿದ್ದರು.

“ಸರ್ಕಾರದ ಡಬ್ಬಿ ಗೌಡ್ರೇ, ಬಿಡಿ.”

“ಡಬ್ಬಿ ಸರ್ಕಾರದ್ದು, ಮಗಳು ನಂದು. ಹನ್ನೆರಡರ ಮೇಲೆ ತೆಗಿ.”

“ಬಸ್ಸು ಹನ್ನೊಂದೂಕಾಲಿಗೆ. ನಿಮ್ಮ ಮಗಳಿಗೋಸ್ಕರ ಬಸ್ಸು ನಿಲ್ಲಿಸ್ತಾರಾ?”

ಅವತ್ತು ಹೋಗದಿದ್ದರೆ ಅರ್ಜಿ ಗಡುವಿನೊಳಗೆ ಮುಟ್ಟುತ್ತಿರಲಿಲ್ಲ. ಇಬ್ಬರೂ ನ್ಯಾಯಕ್ಕೆ ನನ್ನ ಹತ್ತಿರ ಬಂದರು. ಗೆಜೆಟೆಡ್ ಅಧಿಕಾರಿ ರಾಹುಕಾಲವನ್ನೂ ದೃಢೀಕರಿಸಬಲ್ಲ ಎಂದು ಅವರ ನಂಬಿಕೆ.

ನಮ್ಮ ಕಡೆ ಒಂದು ರೂಢಿ ಇದೆ. ಪ್ರಯಾಣದ ಹೊತ್ತು ಸರಿಯಿಲ್ಲದಿದ್ದರೆ, ಒಳ್ಳೆಯ ಗಳಿಗೆ ನೋಡಿ ಮೊದಲೇ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಗಂಟು ಹೊಸಿಲು ದಾಟಿದರೆ ಪ್ರಯಾಣ ಶುರುವಾದಂತೆಯೇ ಲೆಕ್ಕ. ನಾನು ಅದನ್ನೇ ಹಿಡಿದೆ. “ಗೌಡ್ರೇ, ಒಂಬತ್ತಕ್ಕೇ ನಿಮ್ಮ ಗಂಟು ಸರ್ಕಾರದ ಮನೇಲಿ ಇಟ್ಟಾಯ್ತಲ್ಲ. ಪ್ರಯಾಣ ಆಗಲೇ ಶುರುವಾಯ್ತು.”

ಗೌಡರು ಯೋಚಿಸಿ, ಒಪ್ಪಿ, ಡಬ್ಬಿಯಿಂದ ಬೆನ್ನು ತೆಗೆದರು. ಅಂಚೆಯಣ್ಣ ಮಾತ್ರ ಚೀಲ ಹಿಡಿದು ಅಲ್ಲೇ ನಿಂತಿದ್ದ.

“ಇಪ್ಪತ್ತು ವರ್ಷದಿಂದ ಶುಕ್ರವಾರ ಹನ್ನೊಂದಕ್ಕೇ ತೆಗೀತಿದೀನಿ ಸಾರ್. ಈ ಊರಿನೋರು ಹಾಕಿದ ಅರ್ಜಿಗೆ ಯಾಕೆ ಉತ್ತರಾನೇ ಬರಲ್ಲ ಅಂತ ಇವತ್ತು ಗೊತ್ತಾಯ್ತು.”

ಎರಡು ಗುಡಿ

ಈ ಸಲ ಉತ್ತರ ಬಂತು. ಒಂದಲ್ಲ, ಎರಡು. ಎರಡು ಕಾಲೇಜಿನಲ್ಲೂ ಸೀಟು, ಎರಡು ಕಡೆಯೂ ಸೋಮವಾರದೊಳಗೆ ಮೂಲ ಅಂಕಪಟ್ಟಿ ಕೊಟ್ಟು ಸೇರಬೇಕು. ಮೂಲ ಅಂಕಪಟ್ಟಿ ಇರುವುದು ಒಂದೇ. ಸೋಮವಾರ ತಪ್ಪಿದರೆ ಸೀಟು ಮುಂದಿನವರಿಗೆ.

ಹುಡುಗಿ ಬೇಡಲಿಲ್ಲ, ಅಳಲಿಲ್ಲ. ಸಂಜೆ ಹಸುವನ್ನು ಕೆರೆಗೆ ಹೊಡೆದುಕೊಂಡು ಬಂದು, ಅದು ನೀರು ಕುಡಿದು ಮುಗಿಸಿದ ಮೇಲೂ ನೀರನ್ನೇ ನೋಡುತ್ತಾ ನಿಂತಿರುತ್ತಿದ್ದಳು. ಬಿಸಿಲು ಇಳಿದು ನೀರೆಲ್ಲ ಬೆಲ್ಲದ ಬಣ್ಣವಾಗುತ್ತಿತ್ತು. ಕಿಟಕಿಯಿಂದ ನೋಡುತ್ತಿದ್ದೆ. ನಾನು ಬಾಯಿ ಹಾಕುವಂತಿರಲಿಲ್ಲ, ಯಾಕೆಂದರೆ ಈ ಜಗಳದಲ್ಲಿ ತಾಯಿಗೆ ಬೇಡವಾಗಿದ್ದು ನನ್ನ ಕಸುಬೇ.

ಗೌಡರು ದೇವರನ್ನು ಕೇಳಲು ಹೋದರು. ದೇವರ ತಲೆಯ ಮೇಲಿನ ಹೂವು ಬಲಕ್ಕೆ ಬಿದ್ದರೆ ಒಪ್ಪಿಗೆ. ದನದ ವಿಷಯ ಬಸವಣ್ಣನಿಗೇ ಗೊತ್ತೆಂದು ಅವರು ಹೋದದ್ದು ಬಸವಣ್ಣನ ಗುಡಿಗೆ. ಹೂವು ಬಲಕ್ಕೆ ಬಿತ್ತು. ಹೆಣ್ಣುಮಗಳ ವಿಷಯ ಹೆಣ್ಣು ದೇವರಿಗೇ ಗೊತ್ತೆಂದು ಗೌಡರ ಹೆಂಡತಿ ಗೌಡಮ್ಮ ಮಾರಮ್ಮನ ಗುಡಿಗೆ ಹೋದರು. ಅಲ್ಲೂ ಬಲಕ್ಕೇ ಬಿತ್ತು.

ಎರಡು ಗುಡಿಗೂ ಪೂಜಾರಿ ಒಬ್ಬರೇ. ಗೌಡರು ಅವರನ್ನು ನನ್ನ ಜಗಲಿಯ ಮುಂದೆಯೇ ಹಿಡಿದು ನಿಲ್ಲಿಸಿದರು. “ಅದೆಂಗೆ ಸ್ವಾಮಿ, ಇಬ್ಬರಿಗೂ ಬಲಕ್ಕೆ?”

“ನೀವು ದನದ ಕಾಲೇಜಿಗೆ ಕಳಿಸ್ಲಾ ಅಂತ ಕೇಳಿದ್ರಿ, ಕಳಿಸು ಅಂದ. ಅವರು ಅಡುಗೆ ಕಾಲೇಜಿಗೆ ಕಳಿಸ್ಲಾ ಅಂತ ಕೇಳಿದ್ರು, ಕಳಿಸು ಅಂದ್ಲು. ಮಗೂನ ಓದಿಸ್ಬೇಡಿ ಅಂತ ಯಾವ ದೇವರು ಹೇಳ್ತಾನೆ? ಯಾವುದನ್ನ ಬಿಡ್ಲಿ ಅಂತ ನೀವಿಬ್ರೂ ಕೇಳ್ಲೇ ಇಲ್ಲ.”

ಕನಸು

ಆ ಮನೆಯಲ್ಲಿ ದೇವರಿಗಿಂತ ಮೇಲಿನ ಕೋರ್ಟು ಒಂದಿತ್ತು. ಗೌಡಮ್ಮನಿಗೆ ಬೆಳಗಿನ ಜಾವ ಬೀಳುವ ಕನಸು. ಬಟನ್ ಕಾರ್ಖಾನೆಯವರು ಕೆರೆ ಪಕ್ಕದ ಹೊಲ ಕೇಳಿದಾಗ, ಕೊಡಬೇಡವೆಂದು ಅವರಿಗೆ ಕನಸು ಬಿದ್ದಿತ್ತು, ಹೊಲ ಉಳಿಯಿತು. ಅಂದಿನಿಂದ ಕನಸಿಗೆ ಎದುರಾಡುವವರು ಯಾರೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಗೌಡಮ್ಮ ಒಬ್ಬರೇ ಹಸು ಹೊಡೆದುಕೊಂಡು ಆಸ್ಪತ್ರೆಗೆ ಬಂದರು.

“ಮೇವು ಮುಟ್ತಿಲ್ಲ ಡಾಕ್ಟ್ರೇ.”

ಹಸು ಸೊಗಸಾಗಿ ಮೆಲುಕು ಹಾಕುತ್ತಿತ್ತು. ನಾನು ಅದರ ಹೊಟ್ಟೆ ತಟ್ಟಿ ನೋಡುವ ನಾಟಕ ಮಾಡಿದೆ.

“ಅಲ್ಲೆಲ್ಲ ಕೈ ಹಾಕಿ ಬಂದು ಊಟ ಎಂಗೆ ಮಾಡ್ತೀರ?”

“ಕೆಂಪು ಸೋಪಮ್ಮ. ಎರಡು ಸಲ.”

“ಬಟ್ಟೆ?”

“ಬಿಳಿ ಕೋಟು ಎರಡು, ಒಂದು ಒಗೆದಾಗ ಇನ್ನೊಂದು. ಕಾಲಿಗೆ ಗಂಬೂಟು.”

ಗೌಡಮ್ಮ ಹಸುವಿನ ಹಗ್ಗವನ್ನು ಕೈಗೆ ಸುತ್ತಿಕೊಂಡರು. ಆಮೇಲೆ, “ದೂರದ ಊರಲ್ಲಿ ಹಸು ಕರು ಹಾಕೋದು ತಡವಾಗಿ ಕತ್ತಲಾದ್ರೆ, ಮನೆಗೆ ಯಾರು ಬಿಡ್ತಾರೆ?”

ಮದುವೆಯ ಮಾತೆಲ್ಲ ಮೇಲಿನದು, ಒಳಗಿನ ಭಯ ಇದು ಎಂದು ನನಗೆ ಆಗ ಗೊತ್ತಾಯಿತು. “ಹಸುವಿನ ಯಜಮಾನ್ರೇ ಗಾಡಿ ಕಟ್ಟಿ ಬಾಗಿಲ ತನಕ ಬಿಡ್ತಾರಮ್ಮ.”

“ಕರು ಸತ್ರೆ?”

“ಆಗಲೂ ಬಿಡ್ತಾರೆ. ದಾರೀಲಿ ಮಾತಾಡಲ್ಲ, ಅಷ್ಟೆ.”

ಗೌಡಮ್ಮ ನಕ್ಕುಬಿಟ್ಟರು. ಆಮೇಲೆ ಸೆರಗಿನಿಂದ ಒಂದು ಕಾಗದ ಬಿಚ್ಚಿದರು. ಮಡಿಕೆಗಳಲ್ಲಿ ಹರಿದು, ಅರಿಸಿನ ಹತ್ತಿದ ಏಳನೇ ತರಗತಿಯ ಅಂಕಪಟ್ಟಿ. ಅವರದೇ. ಗಣಿತಕ್ಕೆ ಎಂಬತ್ತೆಂಟು.

“ಇದಕ್ಕೂ ಒಂದು ಸೀಲು ಹಾಕ್ಕೊಡಿ.”

“ಯಾವ ಕಾಲೇಜಿಗಮ್ಮ?”

“ಯಾವುದಕ್ಕೂ ಇಲ್ಲ. ಇರ್ಲಿ.”

ಮೂಲ ಪ್ರತಿಗೆ ರುಜು ಹಾಕುವ ನಿಯಮವಿಲ್ಲ. ಹಸಿರು ಶಾಯಿಯಲ್ಲಿ ದೊಡ್ಡದಾಗಿ ಹಾಕಿದೆ, ಸೀಲು ಒತ್ತಿದೆ. ಅವರು ಶಾಯಿ ಆರುವ ತನಕ ಉಫ್ ಉಫ್ ಎಂದು ಊದುತ್ತಾ ನಿಂತಿದ್ದರು. ನನ್ನ ಕಣ್ಣು ತುಂಬಿ ಬಂತು, ಹಸುವಿನ ಕಡೆ ತಿರುಗಿಕೊಂಡೆ.

ಭಾನುವಾರ ಅವರು ಒಂದು ಟ್ರಂಕನ್ನು ತಂದು ನನ್ನ ಹೆಂಡತಿಯ ಹತ್ತಿರ ಇಟ್ಟು ಹೋದರಂತೆ. ಸೋಮವಾರ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ರಾಹುಕಾಲ, ಅದಕ್ಕೆ ಅಂದರಂತೆ. ದಿನಾ ಬಸ್ಸಿನಲ್ಲಿ ಹೋಗಿಬರುವ ಕಾಲೇಜಿಗೆ ಟ್ರಂಕು ಯಾಕೆ? ಹಾಸ್ಟೆಲ್ ಇದ್ದದ್ದು ಪಶುವೈದ್ಯ ಕಾಲೇಜಿನಲ್ಲಿ.

ಸೋಮವಾರ ಬೆಳಿಗ್ಗೆ ಕೆರೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಮಂಜಿನೊಳಗಿಂದ ಮೊದಲು ಹುಡುಗಿಯ ನಗು ಬಂತು, ಆಮೇಲೆ ಹುಡುಗಿ ಬಂದಳು, ಹಿಂದೆ ತಾಯಿ. ಅವರಿಬ್ಬರೂ ಬಸ್ ನಿಲ್ದಾಣದ ಕಡೆ ಮುಂದೆ ಹೋದರು. ಟ್ರಂಕು ಒಯ್ಯಲು ಗೌಡರು ನನ್ನ ಜಗಲಿಗೆ ಬಂದರು.

“ನಮ್ಮನೆಯೋಳಿಗೆ ಬೆಳಗಿನ ಜಾವ ಕನಸು ಬಿತ್ತು ಡಾಕ್ಟ್ರೇ. ಸತ್ತುಹೋದ ನಮ್ಮವ್ವ ಬಂದು ಮಗೂನ ದನದ ಕಾಲೇಜಿಗೇ ಸೇರಿಸು ಅಂದ್ಲಂತೆ. ಬಿಳಿ ಕೋಟು ಎರಡು ಹೊಲಿಸು, ಗಂಬೂಟು ತಗೊಡು, ಕೆಂಪು ಸೋಪು ಮರೀಬೇಡ ಅಂದ್ಲಂತೆ.”

ನಾನು ಕೆರೆ ನೋಡುತ್ತಾ ಕೇಳಿದೆ: “ಅವ್ವ ಅಷ್ಟೆಲ್ಲ ಹೇಳಿದ್ರಾ?”

“ನಮ್ಮವ್ವ ಸಾಯೋ ತನಕ ಸೋಪು ಮುಟ್ಟಿದೋಳಲ್ಲ. ಗಂಬೂಟು ಕಣ್ಣಲ್ಲೂ ಕಂಡಿಲ್ಲ. ಬದುಕಿರೋ ತನಕ ಇವಳ ಒಂದು ಮಾತಿಗೂ ಊಂ ಅಂದಿಲ್ಲ.”

“ಮತ್ತೆ ನೀವೇನೂ ಕೇಳ್ಲಿಲ್ವಾ?”

ಗೌಡರು ಟ್ರಂಕನ್ನು ಹೆಗಲಿಗೇರಿಸಿ, ಹೆಂಡತಿ ಹೋದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಏನ್ ಕೇಳೋದು ಸಾರ್? ಇವಳು ನಿದ್ದೆ ಹೋದ್ರೆ ಹೊಡೆಯೋ ಗೊರಕೆಗೆ ಕೊಟ್ಟಿಗೇಲಿ ಅಸು ಬೆಚ್ಚಿ ಎದ್ದು ನಿಲ್ಲುತ್ತೆ. ನಿನ್ನೆ ರಾತ್ರಿಯೆಲ್ಲ ಅಸು ಆಯಾಗಿ ಮಲಗಿತ್ತು. ಕನಸು ಅಂತ ಬಿದ್ದಿದ್ರೆ ಅದಕ್ಕೇ ಬಿದ್ದಿರಬೇಕು.”