ಮೂರು ಕೋಣೆಯ ಸಾಮ್ರಾಜ್ಯ

ದೊಡ್ಡ ಊರಿನ ಒಂಟಿ ಕೋಣೆಯಲ್ಲಿ ಬೋರ್ಡು ಬರೆಯುವ ಪೇಂಟರಿಗಿದ್ದ ಕಷ್ಟ ಒಂದೆರಡಲ್ಲ. ಮಂಚ ಮಡಚದೆ ಬಾಗಿಲು ತೆರೆಯುತ್ತಿರಲಿಲ್ಲ. ಬಾಗಿಲು ತೆರೆಯಬೇಕಾದರೆ ಹೆಂಡತಿಯ ಹೊಲಿಗೆ ಯಂತ್ರ ಬಚ್ಚಲಿಗೆ ಹೋಗಬೇಕಿತ್ತು. (ಸ್ನಾನಕ್ಕೆ ಹೋದವರು ಎರಡು ಕಾಲರ್ ಹೊಲಿದುಕೊಂಡೇ ಬರಬಹುದಿತ್ತು.) ಈ ಸುಖಕ್ಕೆ ಸಂಪಾದನೆಯ ಮುಕ್ಕಾಲು ಪಾಲು ಬಾಡಿಗೆ. ಕೊನೆಗೊಂದು ದಿನ ಸಂಸಾರ ಗಂಟುಮೂಟೆ ಕಟ್ಟಿಕೊಂಡು, ಬಸ್ಸು ಕೂಡ ಒಲ್ಲದ ಮನಸ್ಸಿನಿಂದ ಬರುವ ಒಂದು ಸಣ್ಣ ಊರಿಗೆ ಬಂದು ಇಳಿಯಿತು.

ಅಲ್ಲಿ ಔಷಧಿ ಅಂಗಡಿಯವರ ಮನೆ ಸಿಕ್ಕಿತು. ಮೂರು ಕೋಣೆ, ಮುಂದೊಂದು ಜಗಲಿ. ಬಾಡಿಗೆ ಎಷ್ಟೆಂದು ಕೇಳಿದ ಪೇಂಟರು, ಇದು ವಾರದ್ದೋ ತಿಂಗಳದ್ದೋ ಎಂದು ವಿಚಾರಿಸಿ ಹೆಂಡತಿಯಿಂದ ತಿವಿಸಿಕೊಂಡರು. ಹೊಲಿಗೆ ಯಂತ್ರಕ್ಕೆ ಮೊದಲ ಸಲ ಸ್ವಂತ ಕಿಟಕಿ ದೊರೆಯಿತು. ಆಕೆ ಅದರ ಮುಂದೆ ಕೂತು ಸಂತೋಷಕ್ಕೆ ಸ್ವಲ್ಪ ಅತ್ತಳು. ಆಮೇಲೆ ಗಂಡನಿಗೆ ಒಂದೇ ಮಾತು ಹೇಳಿದಳು.

"ಈ ಬಾಡಿಗೆ ವಿಷಯ ಯಾರ ಹತ್ರಾನೂ ಬಾಯಿ ಬಿಡಬೇಡಿ. ಈ ಮನೆ ಕೈ ತಪ್ಪಿದ್ರೆ ನಾನಂತೂ ಮತ್ತೆ ಬಚ್ಚಲಲ್ಲಿ ಕೂತು ಹೊಲಿಯಲ್ಲ."

ಪೇಂಟರು ಬಾಯಿ ಬಿಡಲಿಲ್ಲ, ಕುಂಚ ಹಿಡಿದರು. ಹಳೆಯ ನೆರೆಹೊರೆಯವರ ಹೊಟ್ಟೆ ಸ್ವಲ್ಪವಾದರೂ ಉರಿಯದಿದ್ದರೆ ಮೂರು ಕೋಣೆ ಇದ್ದೂ ಏನು ಬಂತು? ಬಾಡಿಗೆಯನ್ನು ಹಲಗೆಯ ಮೇಲೆ ಬರೆದು, ಎದೆಗವಚಿ ಹಿಡಿದು, ಜಗಲಿಯಲ್ಲಿ ಫೋಟೋ ತೆಗೆಸಿ ಕಳಿಸಿದರು. ಹಲಗೆಯಲ್ಲಿ ಬಾಡಿಗೆಯಷ್ಟೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಮೂವತ್ತು ವರ್ಷ ಪಳಗಿದ ಕೈ, ಹಲಗೆ ಕಂಡರೆ ಸುಮ್ಮನಿರುತ್ತದೆಯೇ? ಅಕ್ಷರಕ್ಕೆ ನೆರಳು ಕೊಟ್ಟಿತು, ಸುತ್ತ ಬಳ್ಳಿ ಹಬ್ಬಿಸಿತು, ಅಭ್ಯಾಸಬಲದಿಂದ ಕೆಳಗೆ 'ಇಂದೇ ಭೇಟಿ ಕೊಡಿ' ಎಂದೂ ಬರೆದುಬಿಟ್ಟಿತು.

ಜನ ಭೇಟಿ ಕೊಟ್ಟರು. ಮೊದಲು ದೊಡ್ಡ ಊರಲ್ಲಿ ಪಕ್ಕದ ಕೋಣೆಯಲ್ಲಿದ್ದ ಕ್ಷೌರಿಕ ಬಂದ, ಅವನ ಬೆನ್ನಿಗೆ ಅವನ ಗಿರಾಕಿಗಳು ಬಂದರು. (ಅರ್ಧ ಬೋಳಿಸಿಕೊಂಡವರು ಪಾಪ, ಎಲ್ಲಿಗೆ ಹೋಗಬೇಕು?) ಕೊನೆಗೆ ಹೆಂಡತಿಯ ತಮ್ಮ ತನ್ನ ತಾಯಿಯನ್ನೂ ಕಬ್ಬಿಣದ ಬೀರುವನ್ನೂ ಕರೆತಂದು, ಮನೆ ಸಿಗುವವರೆಗೆ ಎಂದು ನಡುಕೋಣೆಯಲ್ಲಿ ಬೀಡುಬಿಟ್ಟ. ಆರು ತಿಂಗಳಲ್ಲಿ ಆ ಊರಿನ ಒಂದು ಕೋಳಿಗೂಡೂ ಖಾಲಿ ಉಳಿಯಲಿಲ್ಲ.

ಒಂದು ಬೆಳಗ್ಗೆ ಔಷಧಿ ಅಂಗಡಿಯವರು ಬಂದು, ಮುಂದಿನ ತಿಂಗಳಿಂದ ಬಾಡಿಗೆ ಮೂರು ಪಟ್ಟು ಎಂದು ನಯವಾಗಿ ತಿಳಿಸಿದರು. ಪೇಂಟರಿಗೆ ಪಿತ್ತ ನೆತ್ತಿಗೇರಿತು. ಈ ಕೊಂಪೆಗೆ ಅಷ್ಟು ಸುರಿಯುವ ತಲೆಕೆಟ್ಟವನು ಇದ್ದರೆ ಧಾರಾಳವಾಗಿ ಅವನಿಗೇ ಕೊಡಿ ಎಂದು ಗುಡುಗಿದರು.

"ನಿಮ್ಮ ಭಾಮೈದ ನಿನ್ನೆನೇ ಮುಂಗಡ ಹಿಡ್ಕೊಂಡು ಬಂದಿದ್ರು," ಎಂದರು ಅವರು. "ಹಳಬರು, ನಿಮ್ಮನ್ನೊಂದು ಮಾತು ಕೇಳೋಣ ಅಂತ ನಾನೇ ತಡೆದೆ. ಈಗ ನೀವೇ ಕೊಡಿ ಅಂದ್ರಲ್ಲ, ಆಯ್ತು ಬಿಡಿ."

ಅವರು ಹೋದ ಮೇಲೆ ಪೇಂಟರು ಕಿಟಕಿ ಕೋಣೆಗೆ ಬಂದು, ಗಂಟುಮೂಟೆ ಕಟ್ಟು ಎಂದರು. ಹೆಂಡತಿ ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ನಾನ್ಯಾಕೆ ಕಟ್ಟಲಿ? ಇದು ನನ್ನ ತಮ್ಮನ ಮನೆ. ಈ ಕೋಣೆ ಅಕ್ಕನಿಗೇ ಅಂತ ಅಮ್ಮನ ಮುಂದೆ ಒಪ್ಕೊಂಡಿದ್ದಾನೆ. ನೀವೂ ಇರಿ ಜಗಲೀಲಿ, ಅಮ್ಮ ಏನೂ ಬೇಡ ಅನ್ನಲ್ಲ."

ಹೀಗೆ ಪೇಂಟರು ಒಂದು ಪೆಟ್ಟಿಗೆಯನ್ನೂ ಕಟ್ಟದೆ, ತಾವಿದ್ದ ಮನೆಯ ಹೊಸ್ತಿಲನ್ನೂ ದಾಟದೆ, ಐವತ್ತೆರಡನೆಯ ವಯಸ್ಸಿನಲ್ಲಿ ಮನೆಅಳಿಯನ ಪಟ್ಟಕ್ಕೇರಿದರು.